ಅಂಗೈಯಗಲದ ತೋಪು

ನವರಾತ್ರಿಯ ಬೊಂಬೆ ಹಬ್ಬದಲ್ಲಿ ಮೆಟ್ಟಿಲುಗಳ ಮೇಲಿನದು ದೊಡ್ಡವರ ರಾಜ್ಯ. ಪಟ್ಟದ ಬೊಂಬೆಗಳು ಎಲ್ಲಿ ನಿಲ್ಲಬೇಕು, ದಶಾವತಾರದ ಸಾಲು ಯಾವ ಮೆಟ್ಟಿಲಿಗೆ ಬರಬೇಕು, ಶೆಟ್ಟಿ ಅಂಗಡಿಯ ಮುಂದೆ ಏನೇನು ಸಾಮಾನು ಹರಡಬೇಕು ಎಂಬುದೆಲ್ಲ ಅಜ್ಜಿಯೋ ಅಮ್ಮನೋ ತೀರ್ಮಾನಿಸುವ ಸಂಗತಿ. ಮೆಟ್ಟಿಲಿನ ಬುಡದಲ್ಲಿರುವ ನಾಲ್ಕು ಮೊಳ ನೆಲ ಮಾತ್ರ ಮಕ್ಕಳದು. ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಅದಕ್ಕೆ ‘ಪಾರ್ಕು’ ಎಂದೇ ಹೆಸರು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿಯನ್ನೋ ಸಾಸಿವೆಯನ್ನೋ ಚೆಲ್ಲಿದರೆ ನಾಲ್ಕೈದು ದಿನಗಳಲ್ಲಿ ಗದ್ದೆ ಸಿದ್ಧ. ಒಡೆದ ಕನ್ನಡಿಯ ಚೂರು ಕೆರೆಯಾಗುತ್ತದೆ, ರಂಗೋಲಿ ಪುಡಿ ರಸ್ತೆಯಾಗುತ್ತದೆ, ಬೆಂಕಿಪೊಟ್ಟಣ ಮನೆಯಾಗುತ್ತದೆ.

ತೊಡಕು ಬರುವುದು ಮರದ ವಿಷಯದಲ್ಲಿ. ಹಿತ್ತಲಿನ ಗಿಡದಿಂದ ಮುರಿದು ತಂದ ಟೊಂಗೆ ಎರಡು ದಿನಕ್ಕೆ ಬಾಡುತ್ತದೆ. ಬಾಡದಿದ್ದರೂ ಅದರ ಒಂದೊಂದು ಎಲೆ ಪಕ್ಕದ ಬೊಂಬೆಯ ಮುಖಕ್ಕಿಂತ ದೊಡ್ಡದಿರುತ್ತದೆ. ರಾಗಿ ಪೈರು ಹಬ್ಬ ಮುಗಿಯುವುದರೊಳಗೆ ಬೊಂಬೆಗಳ ತಲೆ ಮೀರಿ ಬೆಳೆದು ಓಲಾಡುತ್ತದೆ. ಹೀಗಾಗಿ ಅನೇಕರು ಅಂಗಡಿಯಿಂದ ಪ್ಲಾಸ್ಟಿಕ್ ಮರಗಳನ್ನು ತಂದು ನಿಲ್ಲಿಸುತ್ತಾರೆ. ಅವುಗಳಲ್ಲಿ ಬಹಳಷ್ಟು ಕ್ರಿಸ್ಮಸ್ ಮರದಂತೆ ಬುಡದಲ್ಲಿ ಅಗಲವಾಗಿ ತುದಿಯಲ್ಲಿ ಚೂಪಾಗಿರುವ ಚಳಿನಾಡಿನ ಫರ್ ಜಾತಿಯವು. ಮಂಡ್ಯದ ಗದ್ದೆಯ ಬದುವಿನ ಮೇಲೆ ಯೂರೋಪಿನ ಮರ ನಿಂತಿರುವ ವಿಚಿತ್ರ ದೃಶ್ಯ ಹುಟ್ಟುವುದು ಹೀಗೆ.

ಆದರೆ ಮನೆಯ ರದ್ದಿಯಿಂದಲೇ ನಂಬುವಂಥ ಮರ ಮಾಡುವ ವಿದ್ಯೆಯೊಂದಿದೆ. ಜಗತ್ತಿನ ಹಲವೆಡೆ ಆಟಿಕೆ ಮಾಡುವವರು, ಪುಟಾಣಿ ರೈಲು ಓಡಿಸುವ ಹವ್ಯಾಸಿಗಳು, ಸಿನಿಮಾ ಸೆಟ್ಟಿನವರು, ವಾಸ್ತುಶಿಲ್ಪಿಗಳು ಇದನ್ನು ಬಳಸಿದ್ದಾರೆ. ದುಡ್ಡು ಉಳಿಯುತ್ತದೆ ಎಂಬುದು ಇದರ ಚಿಕ್ಕ ಲಾಭ. ದೊಡ್ಡ ಲಾಭ ಬೇರೆ. ಮರ ಮಾಡಲು ಕೂತವರು ಮೊದಲು ಮರವನ್ನು ನೋಡಬೇಕಾಗುತ್ತದೆ.

ಅಳತೆಯ ಲೆಕ್ಕ

ಪುಟಾಣಿ ರೈಲಿನ ಹವ್ಯಾಸಿಗಳಲ್ಲಿ ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ ಒಂದು ಅಡಿಗೆ 4 ಮಿಲಿಮೀಟರು. ಎಂದರೆ ನಿಜವಾದ ವಸ್ತುವಿನ 76ನೇ ಒಂದು ಭಾಗ. ಈ ಲೆಕ್ಕದಲ್ಲಿ ಐದೂವರೆ ಅಡಿಯ ಮನುಷ್ಯ 22 ಮಿಲಿಮೀಟರು ಎತ್ತರವಿರುತ್ತಾನೆ. 60 ಅಡಿಯ ಮರ 24 ಸೆಂಟಿಮೀಟರು ಇರಬೇಕು. ಹೊಸಬರು ಮಾಡುವ ಮರಗಳು ಸಾಮಾನ್ಯವಾಗಿ ಇದರ ಅರ್ಧವೂ ಇರುವುದಿಲ್ಲ. ಮರ ಎಷ್ಟು ದೊಡ್ಡದು ಎಂಬ ಅಂದಾಜು ಅದರ ಬುಡದಲ್ಲಿ ದಿನವೂ ಬಸ್ಸಿಗೆ ಕಾಯುವವರಿಗೂ ಇರುವುದಿಲ್ಲ.

ಬೆಂಗಳೂರಿನ ಹೊರವಲಯದ ಕೇತೋಹಳ್ಳಿಯ ದೊಡ್ಡ ಆಲದ ಮರವನ್ನೇ ತೆಗೆದುಕೊಳ್ಳಬಹುದು. ಸುಮಾರು ಮೂರು ಎಕರೆಗೆ ಹಬ್ಬಿದ ಮರವದು. ಅದರ ಮೂಲ ಕಾಂಡ ರೋಗದಿಂದ ನಾಶವಾಗಿದ್ದು, ಈಗ ಬಿಳಲುಗಳೇ ಕಾಂಡಗಳಾಗಿ ಮರವನ್ನು ಹೊತ್ತಿವೆ. ಅಷ್ಟು ನೆಲವನ್ನು ಚೌಕವಾಗಿ ಎಣಿಸಿದರೆ ಒಂದೊಂದು ಬದಿ 360 ಅಡಿಗೂ ಸ್ವಲ್ಪ ಹೆಚ್ಚು. ಅಡಿಗೆ 4 ಮಿಲಿಮೀಟರಿನ ಪ್ರಮಾಣಕ್ಕೆ ಇಳಿಸಿದರೂ ಸುಮಾರು ಒಂದೂವರೆ ಮೀಟರು ಉದ್ದ, ಅಷ್ಟೇ ಅಗಲದ ಜಾಗ ಬೇಕು. ಬೆರಳಿನ ಗೆಣ್ಣಿನಷ್ಟು ಮನುಷ್ಯರ ನಡುವೆ ಮಂಚದಷ್ಟು ಅಗಲದ ಮರ!

ಬೊಂಬೆ ಹಬ್ಬದ ಪಾರ್ಕಿನಲ್ಲಿ ಲೆಕ್ಕ ಇನ್ನೂ ಕಷ್ಟ. ನಾಲ್ಕು ಅಂಗುಲದ ಬೊಂಬೆ ಮನುಷ್ಯನ ಹದಿನಾರನೇ ಒಂದು ಪಾಲು. ಅದರ ಪಕ್ಕದಲ್ಲಿ 60 ಅಡಿಯ ಮರ ನಿಲ್ಲಬೇಕಾದರೆ ಮೂರೂಮುಕ್ಕಾಲು ಅಡಿ ಎತ್ತರ ಬೇಕು. ಅಷ್ಟು ಜಾಗ ಯಾರ ಮನೆಯಲ್ಲೂ ಇರದು. ಆದ್ದರಿಂದ ಇಲ್ಲಿ ಸ್ವಲ್ಪ ಮೋಸ ಮಾಡಲೇಬೇಕು. ಮರವನ್ನು ಗಿಡ್ಡ ಮಾಡಿದರೂ, ಬೊಂಬೆ ತಲೆ ತಗ್ಗಿಸದೆ ಕೆಳಗಿನ ಕೊಂಬೆಯಡಿ ಹಾದು ಹೋಗುವಂತಿದ್ದರೆ ಸಾಕು. ಕಣ್ಣು ಅದನ್ನು ಮರವೆಂದು ಒಪ್ಪುತ್ತದೆ. ಕೊಂಬೆ ಬೊಂಬೆಯ ಸೊಂಟಕ್ಕೆ ಬಂದರೆ ಅದು ಪೊದೆಯಾಗುತ್ತದೆ.

ಕಣ್ಣಿಗೆ ಕಾಣುವುದು ಎಲೆಯಲ್ಲ

ಇದೇ ಲೆಕ್ಕವನ್ನು ಎಲೆಗೆ ಹಾಕಿ ನೋಡಿದರೆ ಈ ವಿದ್ಯೆಯ ಗುಟ್ಟು ತಿಳಿಯುತ್ತದೆ. 20 ಸೆಂಟಿಮೀಟರು ಉದ್ದದ ಮಾವಿನ ಎಲೆ 76ನೇ ಒಂದು ಭಾಗಕ್ಕೆ ಇಳಿದಾಗ ಮೂರು ಮಿಲಿಮೀಟರೂ ಇರುವುದಿಲ್ಲ. ಒಂದು ಸೆಂಟಿಮೀಟರಿನ ಹುಣಸೆ ಎಲೆ ಧೂಳಿನ ಕಣವಾಗುತ್ತದೆ. ಅಂಥ ಎಲೆಗಳನ್ನು ಸಾವಿರಗಟ್ಟಲೆ ಕತ್ತರಿಸಿ ಅಂಟಿಸುವುದು ಆಗದ ಮಾತು. ಕುಬ್ಜಮರ ಬೆಳೆಸುವ ಬೋನ್ಸಾಯ್ ಕಲೆಯೂ ಇಲ್ಲಿ ಪೂರ್ತಿ ಕೈ ಹಿಡಿಯುವುದಿಲ್ಲ. ಅದರಲ್ಲಿ ಎಲೆ ತಕ್ಕಮಟ್ಟಿಗೆ ಚಿಕ್ಕದಾಗುತ್ತದೆ, ಹೂವು ಹಣ್ಣುಗಳು ತಮ್ಮ ಸಹಜ ಗಾತ್ರದಲ್ಲೇ ಉಳಿಯುತ್ತವೆ.

ಅದೃಷ್ಟವಶಾತ್ ಎಲೆ ಮಾಡುವ ಅಗತ್ಯವೇ ಇಲ್ಲ. ಐವತ್ತು ಮಾರು ದೂರದ ಮರವನ್ನು ನೋಡುವಾಗ ಕಣ್ಣಿಗೆ ಬಿಡಿ ಎಲೆ ಕಾಣುವುದಿಲ್ಲ. ಕಾಣುವುದು ಎಲೆಗಳ ಗುಪ್ಪೆ, ಗುಪ್ಪೆಗಳ ನಡುವೆ ಇಣುಕುವ ಆಕಾಶ, ಮೇಲ್ಭಾಗದ ಬೆಳಕು, ಕೆಳಭಾಗದ ಕಪ್ಪು ನೆರಳು, ಮತ್ತು ಒಟ್ಟು ಆಕಾರ. ಈ ಐದು ಸರಿಯಾಗಿದ್ದರೆ ಉಳಿದುದನ್ನು ನೋಡುವವರ ಮನಸ್ಸೇ ತುಂಬಿಕೊಳ್ಳುತ್ತದೆ. ಹರಿದ ಸ್ಪಂಜು ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಎಲೆಗಿಂತ ಹೆಚ್ಚು ಸಹಜವಾಗಿ ಕಾಣುವುದು ಇದೇ ಕಾರಣಕ್ಕೆ. ಅಚ್ಚಿನ ಮರದಲ್ಲಿ ಪ್ರತಿ ಎಲೆಯೂ ಒಂದೇ ತೆರನಾಗಿರುತ್ತದೆ. ಹರಿದ ಸ್ಪಂಜಿನ ಎರಡು ಚೂರು ಒಂದೇ ಥರ ಇರುವುದಿಲ್ಲ, ನಿಜವಾದ ಎರಡು ಕೊಂಬೆಗಳೂ ಅಷ್ಟೆ.

ಲಿಯೊನಾರ್ಡೊ ಕಂಡ ನಿಯಮ

ಮರದ ಅಸ್ಥಿಪಂಜರಕ್ಕೆ ಹಳೆಯ ವಿದ್ಯುತ್ ವೈರಿಗಿಂತ ಒಳ್ಳೆಯ ವಸ್ತುವಿಲ್ಲ. ಇದರ ಹಿಂದೆ ಸ್ವಾರಸ್ಯದ ಕಾರಣವಿದೆ.

ಸುಮಾರು 500 ವರ್ಷಗಳ ಹಿಂದೆ ಇಟಲಿಯ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ ಮರಗಳನ್ನು ಗಮನಿಸುತ್ತ ತನ್ನ ಟಿಪ್ಪಣಿಗಳಲ್ಲಿ ಒಂದು ಸಂಗತಿಯನ್ನು ಗುರುತಿಸಿದ. ಯಾವುದೇ ಎತ್ತರದಲ್ಲಿ ಮರದ ಕೊಂಬೆಗಳನ್ನೆಲ್ಲ ಒಟ್ಟುಗೂಡಿಸಿದರೆ ಅವುಗಳ ದಪ್ಪ ಬುಡದ ಕಾಂಡದ ದಪ್ಪಕ್ಕೆ ಸಮ ಎಂಬುದು ಅದರ ಸಾರ. ಎಲ್ಲ ಮರಗಳೂ ಇದನ್ನು ಕರಾರುವಾಕ್ಕಾಗಿ ಪಾಲಿಸುವುದಿಲ್ಲವಾದರೂ ಚಿತ್ರಕಾರರಿಗೆ ಇದು ಬಹಳ ಉಪಯೋಗಕ್ಕೆ ಬಂದ ನಿಯಮ. ಇಲ್ಲಿ ದಪ್ಪವೆಂದರೆ ಅಡ್ಡಕೊಯ್ತದ ವಿಸ್ತೀರ್ಣ. ನಾಲ್ಕು ಅಂಗುಲ ಅಡ್ಡಳತೆಯ ಕಾಂಡ ಎರಡು ಸಮ ಕವಲಾದರೆ ಪ್ರತಿ ಕವಲಿನ ಅಡ್ಡಳತೆ ಎರಡು ಅಂಗುಲವಲ್ಲ, ಸುಮಾರು 2.8 ಅಂಗುಲ.

ಈಗ ವೈರಿನ ಕಡೆ ನೋಡಬೇಕು. 32 ತಾಮ್ರದ ಎಳೆಗಳ ಕಂತೆಯನ್ನು ಬುಡದಲ್ಲಿ ಹೊಸೆದರೆ ಕಾಂಡ. ಸ್ವಲ್ಪ ಮೇಲೆ 16ರಂತೆ ಎರಡು ಪಾಲು ಮಾಡಿ ಹೊಸೆದರೆ ಎರಡು ದೊಡ್ಡ ಕೊಂಬೆ. ಅವು ಎಂಟೆಂಟಾಗಿ, ನಾಲ್ಕು ನಾಲ್ಕಾಗಿ, ಕೊನೆಗೆ ಒಂದೊಂದೇ ಎಳೆಯಾಗಿ ಬಿಡಿಸಿಕೊಳ್ಳುತ್ತ ಹೋಗುತ್ತವೆ. ಎಳೆಗಳ ಒಟ್ಟು ಸಂಖ್ಯೆ ಎಲ್ಲ ಎತ್ತರದಲ್ಲೂ 32 ಆಗಿಯೇ ಉಳಿಯುತ್ತದೆ. ಲಿಯೊನಾರ್ಡೊನ ಹೆಸರನ್ನೇ ಕೇಳದ ಶಾಲೆಯ ಹುಡುಗಿಯೂ ವೈರು ಹೊಸೆಯುವಾಗ ಅವನ ನಿಯಮವನ್ನು ತಪ್ಪದೆ ಪಾಲಿಸುತ್ತಾಳೆ. ಎರಡು ಪಾಲು ಸಮವಾಗಿರಲೇಬೇಕೆಂದಿಲ್ಲ. 20 ಮತ್ತು 12 ಎಂದು ಒಡೆದರೆ ಮರ ಒಂದು ಕಡೆಗೆ ವಾಲಿ ಇನ್ನಷ್ಟು ಸಹಜವಾಗುತ್ತದೆ. ಬುಡದ ತುದಿಯಲ್ಲಿ ಕೆಲವು ಎಳೆಗಳನ್ನು ಹರಡಿ ಬಿಟ್ಟರೆ ಅವೇ ಬೇರು.

ವೈರು ಬಿಡಿಸುವಾಗ ಒಂದು ಎಚ್ಚರ ಬೇಕು. ಮೇಲಿನ ಪ್ಲಾಸ್ಟಿಕ್ ಕವಚವನ್ನು ಚಾಕುವಿನಿಂದ ಸೀಳಿ ತೆಗೆಯಬೇಕೇ ಹೊರತು ಸುಡಬಾರದು. ಆ ಹೊಗೆ ವಿಷಕಾರಿ. ಬಳಸುವುದು ಕಳಚಿಟ್ಟ ರದ್ದಿ ವೈರನ್ನು ಮಾತ್ರ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು.

ತೊಗಟೆ, ಎಲೆ, ಬಣ್ಣ

ತಾಮ್ರದ ಹೊಳಪು ಮುಚ್ಚಲು ತೊಗಟೆ ಬೇಕು. ಫೆವಿಕಾಲ್ ಅಥವಾ ಮೈದಾ ಅಂಟಿನಲ್ಲಿ ನೆನೆದ ಕಾಗದದ ಚೂರು, ಮರದ ಹೊಟ್ಟು ಇದಕ್ಕೆ ಸಾಕು. ಇನ್ನೂ ಗಟ್ಟಿ ಬೇಕೆಂದರೆ ಕೊಪ್ಪಳದ ಬಳಿಯ ಕಿನ್ನಾಳದ ಕುಶಲಕರ್ಮಿಗಳನ್ನು ನೆನೆಯಬಹುದು. ಹಗುರ ಮರದಲ್ಲಿ ಬೊಂಬೆ ಮಾಡುವ ಅವರು ಗೋಣಿನಾರಿನ ಪುಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟನ್ನು ಕಲಸಿದ ಮಿಶ್ರಣದಿಂದ ಬೊಂಬೆಯ ಸಂದುಗಳನ್ನು ತುಂಬುತ್ತಾರೆ. ಹುಣಸೆ ಬೀಜವನ್ನು ನೆನೆಸಿ ಅರೆದು ಕುದಿಸಿದರೆ ಅಂಟು ಸಿದ್ಧವಾಗುತ್ತದೆ. ಒಣಗುವ ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ಎಳೆದರೆ ತೊಗಟೆಯ ಗೀರು ಮೂಡುತ್ತದೆ.

ಎಲೆಗೆ ಹಳೆಯ ಹಾಸಿಗೆಯ ಸ್ಪಂಜು ಉತ್ತಮ. ಕತ್ತರಿಯಿಂದ ಕತ್ತರಿಸದೆ ಬೆರಳಿನಿಂದ ಹರಿಯಬೇಕು. ಕತ್ತರಿಸಿದ ಅಂಚು ನೇರವಾಗಿ ಉಳಿದು ಸುಳ್ಳನ್ನು ಬಯಲು ಮಾಡುತ್ತದೆ. ಚೂರುಗಳನ್ನು ನೀರು ಬೆರೆಸಿದ ಪೋಸ್ಟರ್ ಬಣ್ಣದಲ್ಲಿ ಅದ್ದಿ, ಹಿಂಡಿ, ಹಳೆಯ ಪತ್ರಿಕೆಯ ಮೇಲೆ ನೆರಳಿನಲ್ಲಿ ಒಣಗಿಸಬೇಕು. ಹಸಿರು ಡಬ್ಬಿಯ ಬಣ್ಣವನ್ನು ಹಾಗೆಯೇ ಬಳಸುವುದು ಎಲ್ಲರೂ ಮಾಡುವ ತಪ್ಪು. ಮರದ ಹಸಿರಿನಲ್ಲಿ ಹಳದಿಯೂ ಇದೆ, ಕಂದೂ ಇದೆ. ಮೂರು ಬೇರೆ ಬೇರೆ ಹಸಿರು ಮಾಡಿಕೊಂಡು, ಕಡು ಬಣ್ಣದ್ದನ್ನು ಕೆಳಗೂ ಒಳಗೂ, ತಿಳಿ ಬಣ್ಣದ್ದನ್ನು ಮೇಲೂ ಅಂಟಿಸಿದರೆ ಬಿಸಿಲು ತಾನೇ ಬಂದು ಕೂತಂತಿರುತ್ತದೆ.

ಒಣಗಿದ ಹೀರೆಕಾಯಿಯ ನಾರು, ತೆಂಗಿನ ನಾರು, ಹತ್ತಿ ಎಲ್ಲವೂ ಒಂದಲ್ಲ ಒಂದು ಮರಕ್ಕೆ ಒದಗುತ್ತವೆ. ಸೋಸಿದ ಟೀ ಚರಟ ಮರದ ಬುಡದ ತರಗೆಲೆಗೆ ಹೇಳಿ ಮಾಡಿಸಿದಂತಿದೆ. ಆದರೆ ಹಾಲು ಸಕ್ಕರೆಯ ಅಂಶ ಹೋಗುವವರೆಗೆ ತೊಳೆದು ಬಿಸಿಲಿನಲ್ಲಿ ಒಣಗಿಸದಿದ್ದರೆ ಇರುವೆಯೂ ಬೂಷ್ಟೂ ತಪ್ಪದು. ನೆಲಕ್ಕೆ ಥರ್ಮೋಕೋಲ್ ಬಳಸುವವರು ಘಾಟು ವಾಸನೆಯ ರಬ್ಬರ್ ಅಂಟನ್ನು ಹಾಕಬಾರದು. ಅದು ಥರ್ಮೋಕೋಲನ್ನು ಕರಗಿಸಿ ಹೊಂಡ ಮಾಡುತ್ತದೆ. ಬಿಳಿ ಅಂಟಿನಿಂದ ಆ ಭಯವಿಲ್ಲ. ಇನ್ನು ಸ್ಪಂಜು, ಹತ್ತಿ, ಕಾಗದ ಎಲ್ಲವೂ ಬೇಗ ಹೊತ್ತಿಕೊಳ್ಳುವ ವಸ್ತುಗಳು. ಆರತಿಯ ತಟ್ಟೆ, ದೀಪದ ಕಂಬ ಪಾರ್ಕಿನಿಂದ ದೂರವಿರುವುದು ಕ್ಷೇಮ.

ಮರಕ್ಕೊಂದು ನಿಲುವು

ಇಷ್ಟು ಕೈಗೆ ಬಂದ ಮೇಲೆ ಮುಂದಿನ ಪ್ರಶ್ನೆ ಏಳುತ್ತದೆ: ಯಾವ ಮರ? ‘ಒಂದು ಮರ’ ಎಂಬ ಮರ ಎಲ್ಲಿಯೂ ಬೆಳೆಯುವುದಿಲ್ಲ. ದಕ್ಷಿಣ ಅಮೆರಿಕದ ಕಡೆಯಿಂದ ಬಂದು ಬೆಂಗಳೂರಿನ ರಸ್ತೆಗಳಿಗೆ ನೆರಳಾದ ಮಳೆಮರ ಎತ್ತರಕ್ಕಿಂತ ಅಗಲ ಹೆಚ್ಚಿರುವ ಕೊಡೆ. ಅದರ ಎಲೆಯ ಪದರ ತೆಳು, ಕೆಳಗಿನಿಂದ ಕೊಂಬೆಗಳ ಜಾಲವೆಲ್ಲ ಕಾಣುತ್ತದೆ. ಮಾವು ಹಾಗಲ್ಲ. ಅದು ಒಳಗೇನೂ ಕಾಣದ ಒತ್ತಾದ ಗುಂಡು. ಆಲಕ್ಕೆ ಗೋಣಿದಾರದ ಎಳೆಗಳನ್ನು ಇಳಿಬಿಟ್ಟರೆ ಬಿಳಲು. ಅವುಗಳಲ್ಲಿ ಕೆಲವು ನೆಲ ಮುಟ್ಟಿ ದಪ್ಪವಾಗಿರಬೇಕು, ಉಳಿದವು ಗಾಳಿಯಲ್ಲೇ ನಿಂತಿರಬೇಕು. ಅಶ್ವತ್ಥಕ್ಕೆ ಕಟ್ಟೆ ಇಲ್ಲದಿದ್ದರೆ ಅದು ಅಶ್ವತ್ಥವೆಂದು ಯಾರೂ ಗುರುತಿಸುವುದಿಲ್ಲ. ತೆಂಗಿಗೆ ಕಡ್ಡಿಪೊರಕೆಯ ಕಡ್ಡಿಗಳ ಕಂತೆ, ಅದರ ತುದಿಗೆ ಎರಡೂ ಅಂಚು ಸೀಳಿದ ಹಸಿರು ಕಾಗದದ ಗರಿ. ಮೇಲಿನ ಗರಿ ಆಕಾಶಕ್ಕೆ ನೆಟ್ಟಗೆ, ನಡುವಿನವು ಬಾಗಿ, ಕೆಳಗಿನವು ಒಣಗಿದ ಬಣ್ಣದಲ್ಲಿ ಜೋತು ಬಿದ್ದಿರಬೇಕು.

ಇವೆಲ್ಲ ದಿನವೂ ಕಣ್ಣ ಮುಂದೆ ಇರುವ ಸಂಗತಿಗಳೇ. ಆದರೂ ಮಾಡಲು ಕೂತಾಗ ಹುಣಸೆಯ ಕೊಂಬೆ ಎಷ್ಟು ಎತ್ತರದಲ್ಲಿ ಕವಲೊಡೆಯುತ್ತದೆ ಎಂದು ಕೇಳಿದರೆ ಉತ್ತರ ಹೊಳೆಯದು. ಎದ್ದು ಹೋಗಿ ನೋಡಿ ಬರಬೇಕಾಗುತ್ತದೆ.

ತವರ ಮುಗಿದ ಊರಿನ ಕಸುಬು

ಕೈಗೆ ಸಿಕ್ಕ ವಸ್ತುವಿನಲ್ಲಿ ಮರ ಮಾಡುವ ಕೆಲಸ ಒಂದು ಊರಿಗೇ ಅನ್ನ ಹಾಕಿದ ಉದಾಹರಣೆಯೂ ಉಂಟು. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಗಡಿಯಲ್ಲಿ ಎರ್ಟ್ಸ್‌ಗೆಬಿರ್ಗ ಎಂಬ ಬೆಟ್ಟಸಾಲಿದೆ. ಅಲ್ಲಿನ ಸೈಫನ್ ಎಂಬ ಊರಿನವರು ಹಿಂದೆ ತವರದ ಗಣಿಯನ್ನು ನಂಬಿದ್ದರು. ಅದಿರು ಕಡಿಮೆಯಾಗುತ್ತ 19ನೇ ಶತಮಾನದ ನಡುವೆ ಗಣಿಗಾರಿಕೆ ನಿಂತೇ ಹೋಯಿತು. ಅಷ್ಟರಲ್ಲಿ ಜನ ಹೆಚ್ಚುಹೆಚ್ಚಾಗಿ ತಿರುಗಣಿಯಲ್ಲಿ ಮರದ ಆಟಿಕೆ ಕಡೆಯುವ ಕೆಲಸಕ್ಕೆ ಹೊರಳಿದ್ದರು. ನಮ್ಮ ಚನ್ನಪಟ್ಟಣದ ತಿರುಗಣಿ ಕೆಲಸ ನೋಡಿದವರಿಗೆ ಇದು ಪರಿಚಿತವೆನಿಸೀತು. ಸೈಫನ್ನಿನವರ ವಿಶೇಷವೆಂದರೆ ಮರದ ಬಳೆಯೊಂದನ್ನು ಕಡೆದು, ಅದನ್ನು ಕೇಕಿನಂತೆ ಹೋಳು ಮಾಡಿದರೆ ಪ್ರತಿ ಹೋಳೂ ಕುದುರೆಯಾಗಿಯೋ ಹಸುವಾಗಿಯೋ ಹೊರಬರುವ ಜಾಣ್ಮೆ.

ಆ ಪ್ರಾಣಿಗಳಿಗೆ ಕಾಡು ಬೇಡವೆ? ಅಲ್ಲಿನವರು ಮೆದು ಮರದ ಕಡ್ಡಿಯೊಂದನ್ನು ಹಿಡಿದು, ಉಳಿಯಿಂದ ತೆಳುವಾದ ಸಿಬಿರುಗಳನ್ನು ಎಬ್ಬಿಸುತ್ತಾರೆ. ಸಿಬಿರು ಬುಡದಲ್ಲಿ ಕಳಚಿಕೊಳ್ಳದೆ ಸುರುಳಿಯಾಗಿ ನಿಲ್ಲುತ್ತದೆ. ಸುತ್ತಲೂ ಹೀಗೆ ಸಾಲು ಸಾಲಾಗಿ ಎಬ್ಬಿಸಿದರೆ ಕಡ್ಡಿಯೇ ಮರ, ಸಿಬಿರೇ ಕೊಂಬೆ. ಅಂಟು ಬೇಡ, ಮೊಳೆ ಬೇಡ, ಬಣ್ಣವೂ ಬೇಡ. ಅದೇ ಶತಮಾನದಲ್ಲಿ ಜರ್ಮನರು ಹೆಬ್ಬಾತಿನ ಗರಿಗೆ ಹಸಿರು ಬಣ್ಣ ಹಚ್ಚಿ, ತಂತಿಗೆ ಸುತ್ತಿ ಕ್ರಿಸ್ಮಸ್ ಮರ ಮಾಡುತ್ತಿದ್ದರು. ಹಬ್ಬಕ್ಕೆಂದು ಫರ್ ಮರಗಳನ್ನು ಕಡಿದು ಕಾಡು ಬರಿದಾಗುತ್ತಿದೆ ಎಂಬ ಆತಂಕವೂ ಅದಕ್ಕೆ ಒಂದು ಕಾರಣ ಎನ್ನಲಾಗಿದೆ.

ಸೈಫನ್ನಿನವರು ಮಾಡಿದ್ದು ತಮ್ಮ ಬೆಟ್ಟದ ಚೂಪು ಮರಗಳನ್ನು. ಅವರಿಗೆ ಅದು ಸಹಜ. ಅದೇ ಆಕಾರ ಇಂದು ಪ್ಲಾಸ್ಟಿಕ್ ಅಚ್ಚಿನಲ್ಲಿ ನಮ್ಮ ಅಂಗಡಿಗಳಲ್ಲಿ ಸಿಗುತ್ತಿದೆ.

ಕಾಣೆಯಾಗುವ ಮೊದಲು

ಪುಟಾಣಿ ದೃಶ್ಯ ಆಟಿಕೆಯಾಗಿಯಷ್ಟೇ ಉಳಿಯಬೇಕಿಲ್ಲ ಎಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ಸಾಕ್ಷಿಯಿದೆ. ಆಸ್ಟ್ರೇಲಿಯದಿಂದ 1925ರಲ್ಲಿ ಅಲ್ಲಿಗೆ ಬಂದ ರಾಯ್ ಇಂಗ್ಲೆಂಡ್ ಎಂಬಾತ ‘ವೇಲ್ ಆಫ್ ವೈಟ್ ಹಾರ್ಸ್’ ಎಂಬ ಕಣಿವೆಯ ಹಳ್ಳಿಗಳಿಗೆ ಮಾರುಹೋದ. ಹುಲ್ಲು ಹೊದಿಸಿದ ಹಳೆಯ ಮನೆಗಳು ಒಂದೊಂದಾಗಿ ಮರೆಯಾಗುತ್ತಿರುವುದನ್ನು ಕಂಡು, ಅವುಗಳನ್ನು ಅಡಿಗೆ 4 ಮಿಲಿಮೀಟರಿನ ಪ್ರಮಾಣದಲ್ಲಿ ರಟ್ಟಿನಿಂದ ಮಾಡಿಡಲು ತೊಡಗಿದ. ಆ ಹುಚ್ಚಿನಿಂದ 1954ರಲ್ಲಿ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಪೆಂಡನ್ ವಸ್ತುಸಂಗ್ರಹಾಲಯ ಹುಟ್ಟಿತು. 1930ರ ಆಸುಪಾಸಿನ ಆ ಕಣಿವೆಯ ಬದುಕನ್ನು ಮನೆ, ಬೇಲಿ, ತೋಟ, ಮರಗಳ ಸಹಿತ ಸ್ವಯಂಸೇವಕರು ದಶಕಗಳ ಕಾಲ ಅಲ್ಲಿ ಕಟ್ಟಿದ್ದಾರೆ.

ಆ ಕಾಲದ ಇಂಗ್ಲೆಂಡಿನ ಬಯಲಿನಲ್ಲಿ ಎತ್ತರದ ಎಲ್ಮ್ ಮರ ಎಲ್ಲೆಲ್ಲೂ ಇತ್ತು. 1960ರ ದಶಕದ ಕೊನೆಯಿಂದ ಹರಡಿದ ಶಿಲೀಂಧ್ರ ರೋಗಕ್ಕೆ ಬ್ರಿಟನ್ನಿನಲ್ಲಿ ಎರಡು ಕೋಟಿಗೂ ಹೆಚ್ಚು ಎಲ್ಮ್ ಮರಗಳು ಬಲಿಯಾದವು. 1930ರ ಕಣಿವೆಯನ್ನು ಕಟ್ಟಲು ಕೂರುವವರು ಆ ಮರದ ನಿಲುವನ್ನು ಈಗ ಬಹುಮಟ್ಟಿಗೆ ಹಳೆಯ ಫೋಟೋ ನೋಡಿಯೇ ತಿಳಿಯಬೇಕು. ಎದ್ದು ಹೋಗಿ ನೋಡಿ ಬರಲು ಮರ ಸಿಗುವುದೇ ಅಪರೂಪ.

ಕರ್ನಾಟಕದಲ್ಲಿಯೂ ಈ ಮಾತಿಗೆ ಅರ್ಥವಿದೆ. ಬೆಂಗಳೂರು–ಮೈಸೂರು ರಸ್ತೆಯ ಇಕ್ಕೆಲದ ಹಳೆಯ ಸಾಲುಮರಗಳನ್ನು ಕಂಡವರು ಇನ್ನೂ ಇದ್ದಾರೆ. ರಸ್ತೆ ಹಂತ ಹಂತವಾಗಿ ಅಗಲವಾಗಿ, 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾಗುವ ಹೊತ್ತಿಗೆ ಆ ನೆರಳು ಬಹುಮಟ್ಟಿಗೆ ಹೋಗಿತ್ತು. ಇನ್ನೊಂದೆಡೆ ಮಾಗಡಿ ತಾಲ್ಲೂಕಿನ ಹುಲಿಕಲ್ ಮತ್ತು ಕುದೂರಿನ ನಡುವೆ ಸಾಲುಮರದ ತಿಮ್ಮಕ್ಕ ತಮ್ಮ ಪತಿಯೊಂದಿಗೆ ನೆಟ್ಟು, ನೀರು ಹೊತ್ತು ಬೆಳೆಸಿದ ಆಲದ ಸಾಲಿದೆ. 2019ರಲ್ಲಿ ಪದ್ಮಶ್ರೀ ಪಡೆದ ತಿಮ್ಮಕ್ಕ 2025ರ ನವೆಂಬರಿನಲ್ಲಿ ತೀರಿಕೊಂಡರು. ಸುಮಾರು ನಾಲ್ಕು ಕಿಲೋಮೀಟರಿನ ಆ ಸಾಲನ್ನು ಪುಟಾಣಿ ರೈಲಿನ ಪ್ರಮಾಣಕ್ಕೆ ಇಳಿಸಿದರೂ ಐವತ್ತು ಮೀಟರಿಗಿಂತ ಉದ್ದವಾಗುತ್ತದೆ. ಅದು ಯಾವ ಮನೆಯ ಪಾರ್ಕಿಗೂ ಹಿಡಿಸದು. ಆದರೆ ಅದರೊಳಗಿನ ನಾಲ್ಕು ಮರ ಹಿಡಿಸೀತು.

ವೈರು, ಸ್ಪಂಜಿನ ಮರ ನೆಟ್ಟ ಮರಕ್ಕೆ ಬದಲಿಯಲ್ಲ. ಅದು ನೆರಳು ಕೊಡುವುದಿಲ್ಲ, ಹಕ್ಕಿಗೆ ಗೂಡು ಕೊಡುವುದಿಲ್ಲ. ಕೊಡುವುದು ಗುರುತನ್ನು ಮಾತ್ರ. ತನ್ನ ಬೀದಿಯ ಹೊಂಗೆ ಹೇಗೆ ಬಾಗಿತ್ತು, ಶಾಲೆಯ ಮುಂದಿನ ಮಳೆಮರದ ಯಾವ ಕೊಂಬೆ ರಸ್ತೆ ದಾಟಿತ್ತು ಎಂಬುದನ್ನು ಒಮ್ಮೆ ಕೈಯಾರೆ ಮಾಡಿದ ಮಗು, ನಾಳೆ ಆ ಮರಕ್ಕೆ ಗರಗಸ ಬಂದರೆ ‘ಒಂದು ಮರ ಹೋಯಿತು’ ಎನ್ನುವುದಿಲ್ಲ. ಯಾವ ಮರ ಹೋಯಿತು ಎಂಬುದು ಅದಕ್ಕೆ ಗೊತ್ತಿರುತ್ತದೆ.

ವಿಜಯದಶಮಿಯ ರಾತ್ರಿ ಪಟ್ಟದ ಬೊಂಬೆಗಳನ್ನು ಮಲಗಿಸಿ, ಮರುದಿನ ಎಲ್ಲವನ್ನೂ ಹಳೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ವಾಡಿಕೆಯಿದೆ. ರಾಗಿ ಪೈರನ್ನು ಅಂದೇ ತೆಗೆದು ಹಾಕುತ್ತಾರೆ. ಕೈಯಾರೆ ಮಾಡಿದ ಮರಗಳಿಗೆ ಪೆಟ್ಟಿಗೆಯಲ್ಲಿ ಒಂದು ಮೂಲೆ ಕೊಡಬಹುದು. ಇಡುವ ಮುನ್ನ ಬುಡದ ರಟ್ಟಿನ ಅಡಿಯಲ್ಲಿ ಮರದ ಜಾತಿ, ಅದು ನಿಂತಿರುವ ಬೀದಿ, ಮಾಡಿದ ವರ್ಷ ಇಷ್ಟನ್ನು ಪೆನ್ಸಿಲಿನಲ್ಲಿ ಬರೆದಿಟ್ಟರೆ, ಮುಂದೆ ಆ ಪೆಟ್ಟಿಗೆ ತೆರೆಯುವವರಿಗೆ ಉಪಯೋಗಕ್ಕೆ ಬಂದೀತು.